ಎಳೆ ಎಣಿಸಿದವರು

ಕಳೆದ ಮೇ ತಿಂಗಳ ರಜೆಗೆ ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿದ್ದರು. ಶೀಕರಣೆ ಚಪಾತಿ ಉಂಡು ಮನೆಮಂದಿಯೆಲ್ಲ ಫ್ಯಾನಿನ ಕೆಳಗೆ ಅಡ್ಡಾದ ಮಧ್ಯಾಹ್ನ. ಆರನೆಯ ಇಯತ್ತೆಯ ಮೊಮ್ಮಗಳು ಮಾತ್ರ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ಏನು ಮಾಡುತ್ತಿದ್ದಾಳೆಂದು ಇಣುಕಿದೆ. ಪರದೆಯ ಮೇಲೆ ನೀಲಿ, ಹಸಿರು, ಕಿತ್ತಳೆ ಬಣ್ಣದ ತುಂಡುಗಳು. ಒಂದರ ಕೆಳಗೆ ಒಂದು ತಂದಿಟ್ಟರೆ ಕಚ್ಚಿಕೊಂಡು ಕೂರುತ್ತಿದ್ದವು. ಪಕ್ಕದಲ್ಲಿದ್ದ ಬೆಕ್ಕು ಅವಳು ಜೋಡಿಸಿದ ಹಾಗೆಯೇ ಹತ್ತು ಹೆಜ್ಜೆ ನಡೆದು, ತಿರುಗಿ, ಮತ್ತೆ ಹತ್ತು ಹೆಜ್ಜೆ ನಡೆಯುತ್ತಿತ್ತು.

"ಇದೇನ ಆಟ ಪುಟ್ಟಿ?" ಎಂದೆ.

"ಆಟ ಅಲ್ಲ ಅಜ್ಜಿ, ಪ್ರೋಗ್ರಾಮ್. ನಾನೇ ಮಾಡಿದ್ದು."

ಮಲಗಿದ್ದಲ್ಲಿಂದಲೇ ಮಗ ನಕ್ಕ. "ಅದೇನ ಪ್ರೋಗ್ರಾಮ್ ಅಲ್ಲ ಬಿಡವ್ವಾ. ಹುಡುಗರಿಗೆ ಆಡಾಕ ಕೊಟ್ಟಿರತಾರ. ಮುಂದಿನ ವರ್ಷ ಖರೇ ಕೋಡಿಂಗ್ ಕ್ಲಾಸಿಗೆ ಹಾಕತೀನಿ."

ಹುಡುಗಿಯ ಮುಖ ಸಣ್ಣದಾಯಿತು. ಅವಳಿಗಿಂತ ಹೆಚ್ಚು ನನಗೆ ನೆಟ್ಟಿತು ಆ 'ಖರೇ' ಎಂಬ ಮಾತು. ಏಕೆಂದರೆ ಅದನ್ನು ನಾನು ಮೂವತ್ತೈದು ವರ್ಷಗಳ ಹಿಂದೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ.

ಆಗ ನಾನು ಬ್ಯಾಂಕೊಂದರಲ್ಲಿ ಗುಮಾಸ್ತೆ. ಮಣಭಾರದ ಲೆಡ್ಜರುಗಳ ಜಾಗಕ್ಕೆ ಯಂತ್ರಗಳು ಬರತೊಡಗಿದ್ದ ಕಾಲ. ಕಂಪ್ಯೂಟರು ಕಲಿತವರಿಗೆ ಹೊಸ ವಿಭಾಗದಲ್ಲಿ ಅವಕಾಶವಿದೆಯೆಂದು ಸುದ್ದಿಯಾಯಿತು. ಮಗನನ್ನು ಅತ್ತೆಯವರ ಬಳಿ ಬಿಟ್ಟು, ಸಂಜೆ ಬಸ್ಸು ಹತ್ತಿ ಹುಬ್ಬಳ್ಳಿಯ ಒಂದು ತರಬೇತಿ ಕೇಂದ್ರಕ್ಕೆ ಹೋಗತೊಡಗಿದೆ. ಮೊದಲ ತಿಂಗಳು ಫ್ಲೋ ಚಾರ್ಟ್ ಪಾಠ. ಹಸಿರು ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಕೊಟ್ಟಿದ್ದರು. ಅದರಲ್ಲಿ ಕೊರೆದ ತೂತುಗಳೊಳಗೆ ಪೆನ್ಸಿಲ್ ಆಡಿಸಿದರೆ ಅಂಡಾಕಾರ, ಪೆಟ್ಟಿಗೆ, ವಜ್ರಾಕೃತಿ ಮೂಡುತ್ತಿದ್ದವು. ಅಂಡಾಕಾರ ಶುರುವಿಗೆ, ಪೆಟ್ಟಿಗೆ ಕೆಲಸಕ್ಕೆ, ವಜ್ರಾಕೃತಿ ಪ್ರಶ್ನೆಗೆ. 'ಹೌದು' ಎಂದರೆ ಈ ಕಡೆ ಬಾಣ, 'ಇಲ್ಲ' ಎಂದರೆ ಆ ಕಡೆ. ಉಳಿತಾಯ ಖಾತೆಯ ಬಡ್ಡಿ ಲೆಕ್ಕವನ್ನು ನಾನು ಒಂದೇ ಹಾಳೆಯಲ್ಲಿ ಹೀಗೆ ಬಿಡಿಸಿದಾಗ ಕಲಿಸುವವರು ಅದನ್ನು ಹಲಗೆಗೆ ಅಂಟಿಸಿದ್ದರು.

ಎರಡನೆಯ ತಿಂಗಳು ಕೋಬಾಲ್ ಎಂಬ ಭಾಷೆ ಬಂತು. ಅದೇ ಬಡ್ಡಿ ಲೆಕ್ಕವನ್ನು ಈಗ ಇಂಗ್ಲಿಷಿನ ನೂರಾರು ಸಾಲುಗಳಲ್ಲಿ ಬರೆಯಬೇಕು. ಎಷ್ಟನೆಯ ಮನೆಯಿಂದ ಸಾಲು ಶುರುವಾಗಬೇಕು ಎಂಬುದಕ್ಕೂ ನಿಯಮ. ಸಾಲಿನ ಕೊನೆಯಲ್ಲಿ ಒಂದು ಪೂರ್ಣವಿರಾಮ ಬಿಟ್ಟುಹೋಯಿತೋ, ಮಾರುದ್ದದ ಕಾಗದದಲ್ಲಿ ತಪ್ಪುಗಳ ಪಟ್ಟಿ ಹೊರಬೀಳುತ್ತಿತ್ತು. ಬೇಳೆಯಲ್ಲಿ ಒಂದು ಕಲ್ಲು ಸಿಕ್ಕಿತೆಂದು ಇಡೀ ಅಡಿಗೆಯನ್ನೇ ಚೆಲ್ಲುವ ಮಾವನವರ ಹಾಗಿತ್ತು ಆ ಯಂತ್ರ. ಲೆಕ್ಕ ನನಗೆ ಗೊತ್ತು, ಅದರ ದಾರಿಯೂ ಗೊತ್ತು. ಆದರೂ ಅದು ಒಪ್ಪಲೊಲ್ಲದು. ಒಂದು ಸಂಜೆ ಸೋತು, "ಸರ್, ಆ ಚಿತ್ರಾನ ಅದಕ್ಕ ತೋರಸಾಕ ಬರೂದಿಲ್ಲೇನ್ರಿ?" ಎಂದು ಕೇಳಿಬಿಟ್ಟೆ. "ಚಿತ್ರಾ ಚಂದ ತಗದೀರಿ ಮೇಡಮ್. ಆದರ ಚಿತ್ರಾ ತಗದರ ಕಂಪ್ಯೂಟರಿಗೆ ತಿಳಿಯೂದಿಲ್ಲ. ಖರೇ ಪ್ರೋಗ್ರಾಮಿಂಗ್ ಅಂದರ ಇದು" ಎಂದರು. ತರಗತಿ ನಕ್ಕಿತು. ಪರೀಕ್ಷೆಯಲ್ಲಿ ನಪಾಸಾದೆ. ಹೊಸ ವಿಭಾಗಕ್ಕೆ ಬೇರೆಯವರು ಹೋದರು. ನಾನು ಲೆಡ್ಜರಿಗೆ ಮರಳಿದೆ. ತಲೆ ಸಾಲದೆಂದು ನನಗೆ ನಾನೇ ಹೇಳಿಕೊಂಡೆ.

ಮೊಮ್ಮಗಳ ಬೆಕ್ಕು ಆ ಹಳೆಯ ಸಂಜೆಯನ್ನು ಎಬ್ಬಿಸಿತು. ಚಿತ್ರ ತಗೆದರೆ ಯಂತ್ರಕ್ಕೆ ನಿಜವಾಗಿಯೂ ತಿಳಿಯುತ್ತಿರಲಿಲ್ಲವೇ? ಸೊಸೆ ಒಂದಷ್ಟು ಪುಸ್ತಕಗಳನ್ನು ತರಿಸಿಕೊಟ್ಟಳು. ಎರಡು ತಿಂಗಳು ಕನ್ನಡಕ ಒರೆಸಿಕೊಳ್ಳುತ್ತ ಓದಿದೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕೆನಿಸಿದೆ. ಯಾಕೆಂದರೆ ಈ ಕತೆಯಲ್ಲಿ ಹೆಂಗಸರು ಬಹಳ ಮಂದಿ ಇದ್ದಾರೆ.

ಮೊದಲು ತಿಳಿದದ್ದು ಇದು: ಗಣಕಕ್ಕೆ ಹೇಳಿದ ಮೊಟ್ಟಮೊದಲ ಮಾತುಗಳಲ್ಲಿ ಅಕ್ಷರಗಳೇ ಇರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೆ 'ಎನಿಯಾಕ್' ಎಂಬ ಯಂತ್ರ ಕಟ್ಟಿದರು. ಸುಮಾರು 18,000 ನಿರ್ವಾತ ನಳಿಗೆಗಳು, 30 ಟನ್ ತೂಕ. ತೋಪಿನ ಗುಂಡು ಎಲ್ಲಿ ಬೀಳುತ್ತದೆಂಬ ಲೆಕ್ಕವನ್ನು ಅದುವರೆಗೆ ಹೆಂಗಸರು ಕೈಯಿಂದ ಮಾಡುತ್ತಿದ್ದರು. ಒಂದೊಂದು ಲೆಕ್ಕಕ್ಕೆ ಮೂವತ್ತು ನಲವತ್ತು ತಾಸು ಬೇಕಾಗುತ್ತಿತ್ತು. ಆ ಕೆಲಸ ಮಾಡುವವರಿಗೇ ಆಗ 'ಕಂಪ್ಯೂಟರ್' ಎಂದು ಹೆಸರು! 1945ರಲ್ಲಿ ಅವರಲ್ಲಿ ಆರು ಮಂದಿಯನ್ನು ಹೊಸ ಯಂತ್ರಕ್ಕಾಗಿ ಆರಿಸಿದರು. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಸ್, ರೂತ್ ಲಿಕ್ಟರ್‌ಮನ್. ಯಂತ್ರ ಗುಟ್ಟಿನದಾದ್ದರಿಂದ ಮೊದಲಿಗೆ ಅದಿದ್ದ ಕೋಣೆಯೊಳಗೂ ಅವರನ್ನು ಬಿಡಲಿಲ್ಲ. ಯಂತ್ರದ ನಕ್ಷೆಗಳನ್ನು ಮಾತ್ರ ಕೈಗಿಟ್ಟು ಕಲಿಯಿರಿ ಎಂದರು. ಕಲಿಸುವವರಿಲ್ಲ, ಪುಸ್ತಕವಿಲ್ಲ. ಪೆಟ್ಟಿಗೆ ಮತ್ತು ಗೆರೆಗಳ ಆ ಚಿತ್ರಗಳನ್ನು ನೋಡಿ ನೋಡಿಯೇ ಅವರು ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಅರಿತರು. ಬಳಿಕ ನೂರಾರು ತಂತಿಗಳನ್ನು ಇಲ್ಲಿಂದ ಅಲ್ಲಿಗೆ ಚುಚ್ಚಿ, ಗುಂಡಿಗಳನ್ನು ತಿರುಗಿಸಿ, ಲೆಕ್ಕವನ್ನು ಹೂಡಿದರು. ಪ್ರೋಗ್ರಾಮು ಎಂದರೆ ಕಣ್ಣಿಗೆ ಕಾಣುವ ತಂತಿಗಳ ಹೆಣಿಗೆಯಾಗಿತ್ತು.

1946ರ ಫೆಬ್ರವರಿಯಲ್ಲಿ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಗುಂಡು ಹಾರುವುದಕ್ಕಿಂತ ಬೇಗ ಅದರ ಲೆಕ್ಕ ಮುಗಿಯಿತು. ಎಲ್ಲರೂ ಬೆರಗಾದರು. ಆ ರಾತ್ರಿಯ ಔತಣಕ್ಕೆ, ಲೆಕ್ಕ ಹೂಡಿದ ಹೆಂಗಸರಿಗೆ ಕರೆಯಿರಲಿಲ್ಲ. ನಲವತ್ತು ವರ್ಷಗಳ ನಂತರ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಚಿತ್ರವೊಂದರಲ್ಲಿ ಯಂತ್ರದ ಮುಂದೆ ನಿಂತ ಹೆಂಗಸರು ಯಾರೆಂದು ವಿಚಾರಿಸಿದಾಗ, ಜಾಹೀರಾತಿನಲ್ಲಿ ಫ್ರಿಜ್ಜಿನ ಪಕ್ಕ ನಿಲ್ಲಿಸುವಂತೆ ಅಂದಕ್ಕೆ ನಿಲ್ಲಿಸಿದವರು ಎಂಬ ಉತ್ತರ ಬಂತಂತೆ. ಅವಳು ಪಟ್ಟು ಹಿಡಿದು ಹುಡುಕಿದ್ದರಿಂದ ಅವರ ಹೆಸರು ಇಂದು ನಮಗೆ ಗೊತ್ತು.

ನನ್ನ ಹಸಿರು ಪಟ್ಟಿಯ ಫ್ಲೋ ಚಾರ್ಟಿಗೂ ಒಬ್ಬ ಹಿರಿಯಜ್ಜಿ ಇದ್ದಾಳೆ. 1921ರಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ಎಂಬ ಅಮೆರಿಕದ ದಂಪತಿ ಇಂಜಿನಿಯರರ ಸಭೆಯಲ್ಲಿ ಒಂದು ಹೊಸ ಪದ್ಧತಿ ಮಂಡಿಸಿದರು. ಯಾವುದೇ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಒಡೆದು, ಒಂದೊಂದು ಹೆಜ್ಜೆಗೆ ಒಂದೊಂದು ಗುರುತು ಹಾಕಿ, ಗೆರೆಯಿಂದ ಕೂಡಿಸಿ ನೋಡುವ ಪದ್ಧತಿ ಅದು. ಹನ್ನೆರಡು ಮಕ್ಕಳನ್ನು ಹೆತ್ತ ಲಿಲಿಯನ್ 1924ರಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ಅದೇ ವಿದ್ಯೆಯನ್ನು ಅಡಿಗೆಮನೆಗೆ ತಂದರು. ಒಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕಪಾಟಿಗೆ ಹೆಂಗಸು ಎಷ್ಟು ಹೆಜ್ಜೆ ಓಡಾಡುತ್ತಾಳೆಂದು ಎಣಿಸಿ, ಆ ಓಟ ತಗ್ಗುವಂತೆ ಅಡಿಗೆಮನೆ ಹೇಗಿರಬೇಕೆಂದು ತೋರಿಸಿದರು. ಇಂಜಿನಿಯರರ ಕೈಯಲ್ಲಿ ಬೆಳೆದ ಇಂಥ ನಕ್ಷೆಗಳ ಬಳಿಕ, 1947ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಎಂಬ ಗಣಿತಜ್ಞರು ಗಣಕದ ಲೆಕ್ಕಕ್ಕೆಂದೇ ಹರಿವಿನ ಚಿತ್ರಗಳನ್ನು ರೂಪಿಸಿದರು. ಆದರೆ ಅವು ಮನುಷ್ಯರಿಗೆ ಮಾತ್ರ. ಚಿತ್ರ ನೋಡಿ ಮನುಷ್ಯನೇ ಅದನ್ನು ಯಂತ್ರದ ಅಂಕಿಗಳಿಗೆ ಇಳಿಸಬೇಕಿತ್ತು.

ಇಲ್ಲಿ ಅಕ್ಷರ ಬಂದದ್ದು ಹೇಗೆಂದು ಹೇಳದಿದ್ದರೆ ಅನ್ಯಾಯವಾಗುತ್ತದೆ. ನನ್ನನ್ನು ಹೊರಗೆ ಹಾಕಿದ ಕೋಬಾಲನ್ನು ನಾನು ವರ್ಷಗಟ್ಟಲೆ ಶಪಿಸಿದ್ದೆ. ಅದರ ಹಿಂದೆ ಇದ್ದವಳೂ ಒಬ್ಬ ಹೆಣ್ಣುಮಗಳೆಂದು ಈಗ ತಿಳಿಯಿತು. ಅಮೆರಿಕದ ನೌಕಾಪಡೆಯ ಗ್ರೇಸ್ ಹಾಪರ್. ಯಂತ್ರದೊಂದಿಗೆ ಅಂಕಿ, ಚಿಹ್ನೆಗಳಲ್ಲಿ ಮಾತಾಡುವುದು ಗಣಿತ ಬಲ್ಲವರಿಗೆ ಸರಿ, ಲೆಕ್ಕಪತ್ರ ಬರೆಯುವವರು ಏನು ಮಾಡಬೇಕು, ಅವರು ನಿತ್ಯದ ಮಾತಿನಲ್ಲೇ ಬರೆಯಲಿ ಎಂದು ಆಕೆ ಹಟ ಹಿಡಿದರು. 1950ರ ದಶಕದಲ್ಲಿ ಆಕೆ ಕಟ್ಟಿದ ಭಾಷೆಯ ಆಧಾರದ ಮೇಲೆಯೇ 1959-60ರಲ್ಲಿ ಕೋಬಾಲ್ ರೂಪುಗೊಂಡಿತು. ಇಂಗ್ಲಿಷಿನ ಬದಲು ಫ್ರೆಂಚ್, ಜರ್ಮನ್ ಮಾತುಗಳನ್ನು ಹಾಕಿದರೂ ಯಂತ್ರ ಕೆಲಸ ಮಾಡುತ್ತದೆಂದು ಆಕೆ ಮಾಡಿ ತೋರಿಸಿದಾಗ ಕಂಪನಿಯ ದೊಡ್ಡವರು ಗಾಬರಿಯಾದರಂತೆ. ಅಮೆರಿಕದ ಯಂತ್ರಕ್ಕೆ ಪರದೇಶದ ಮಾತು ತಿಳಿಯುವುದೆಂದರೇನು! ಅಕ್ಷರವೆಂಬುದು ಬಾಗಿಲು ಮುಚ್ಚಲು ಬಂದದ್ದಲ್ಲ, ತೆರೆಯಲೆಂದೇ ಬಂದದ್ದು. ಆದರೆ ಆ ಬಾಗಿಲು ಇಂಗ್ಲಿಷಿನ ಕಡೆಗೆ ತೆರೆದುಕೊಂಡಿತು. ಹುಬ್ಬಳ್ಳಿಯ ಬಸ್ಸು ಇಳಿದು ಬಂದವಳಿಗೆ ಹೊಸ್ತಿಲು ಎತ್ತರವಾಯಿತು, ಅಷ್ಟೇ.

ಹಾಗಾದರೆ ಚಿತ್ರವನ್ನೇ ಯಂತ್ರಕ್ಕೆ ಕೊಡುವ ಯೋಚನೆ ಯಾರಿಗೂ ಬರಲಿಲ್ಲವೇ? ಬಂದಿತ್ತು. 1963ರಲ್ಲಿ ಎಂಐಟಿ ವಿದ್ಯಾಸಂಸ್ಥೆಯ ಇವಾನ್ ಸದರ್ಲೆಂಡ್ ಎಂಬ ತರುಣ, ಗಾಜಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದರೆ ಯಂತ್ರ ಅದನ್ನು ಅರಿಯುವಂತೆ ಮಾಡಿದ. ಅದರ ಹೆಸರು 'ಸ್ಕೆಚ್‌ಪ್ಯಾಡ್'. 1966ರಲ್ಲಿ ಅವನ ಅಣ್ಣ ವಿಲಿಯಂ, ಪೆಟ್ಟಿಗೆ ಮತ್ತು ಗೆರೆಗಳಲ್ಲಿ ಬಿಡಿಸಿದ ಲೆಕ್ಕವನ್ನು ಯಂತ್ರ ನೇರವಾಗಿ ನಡೆಸುವಂತೆ ಮಾಡಿ ಪ್ರಬಂಧ ಬರೆದ. 1968ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಲ್ಲಿ ಇದಕ್ಕಿಂತ ಸೋಜಿಗದ ಕೆಲಸ ನಡೆದಿತ್ತು. ಹಲಗೆಯೊಂದರ ಮೇಲೆ ಕೈಯಿಂದ ಸೊಟ್ಟಪಟ್ಟ ಪೆಟ್ಟಿಗೆ ಎಳೆದರೆ ಯಂತ್ರ ಅದನ್ನು ತಿದ್ದಿ ನೇರ ಮಾಡುತ್ತಿತ್ತು. ಬಾಣ ಎಳೆದರೆ ಕೂಡಿಸುತ್ತಿತ್ತು. ಫ್ಲೋ ಚಾರ್ಟ್ ಮುಗಿದ ಮೇಲೆ ಅದನ್ನೇ ಪ್ರೋಗ್ರಾಮೆಂದು ನಡೆಸುತ್ತಿತ್ತು.

ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. 1968! ತರಗತಿ ನನ್ನನ್ನು ನೋಡಿ ನಕ್ಕದ್ದಕ್ಕೆ ಇಪ್ಪತ್ತು ವರ್ಷ ಮೊದಲೇ, ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿದ್ಧವಿತ್ತು. ಕಲಿಸುವವರ ತಪ್ಪೆನ್ನಲಾರೆ. ಅಂಥ ಯಂತ್ರ ಕೋಟಿಗಟ್ಟಲೆ ಬೆಲೆಯದು, ಎಲ್ಲೋ ಒಂದೆರಡು ಕಡೆ ಇದ್ದದ್ದು. ನಮ್ಮ ತರಗತಿಯ ಪರದೆಗಳಲ್ಲಿ ಹಸಿರು ಅಕ್ಷರ ಬಿಟ್ಟರೆ ಬೇರೇನೂ ಮೂಡುತ್ತಿರಲಿಲ್ಲ. ಅವರು ಹೇಳಿದ್ದು ಅವರ ಮುಂದಿದ್ದ ಯಂತ್ರದ ಮಟ್ಟಿಗೆ ನಿಜ. ನಾನು ಅದನ್ನು ನನ್ನ ತಲೆಯ ಮಟ್ಟಿಗೆ ನಿಜವೆಂದು ತಿಳಿದದ್ದು ನನ್ನ ತಪ್ಪು.

ಮಕ್ಕಳ ಕಡೆಯ ಕತೆ ಇನ್ನೂ ಸ್ವಾರಸ್ಯದ್ದು. 1967ರಲ್ಲಿ ಸಿಮೋರ್ ಪ್ಯಾಪರ್ಟ್, ವಾಲಿ ಫೋರ್ಝೈಗ್, ಸಿಂಥಿಯಾ ಸಾಲೊಮನ್ ಮುಂತಾದವರು ಮಕ್ಕಳಿಗೆಂದು 'ಲೋಗೊ' ಎಂಬ ಭಾಷೆ ಮಾಡಿದರು. 'ಮುಂದೆ ಇಷ್ಟು ಹೋಗು, ಬಲಕ್ಕೆ ಇಷ್ಟು ತಿರುಗು' ಎಂದು ಬರೆದರೆ ಆಮೆಯೊಂದು ಹಾಗೆಯೇ ನಡೆದು ಚಿತ್ರ ಬಿಡಿಸುತ್ತಿತ್ತು. ಆದರೆ ಅದಕ್ಕೂ ಓದುಬರಹ ಬೇಕು. ಎಂಐಟಿಯ ವಿದ್ಯಾರ್ಥಿನಿ ರೇಡಿಯಾ ಪರ್ಲ್‌ಮನ್ 1970ರ ದಶಕದ ನಡುವೆ ಅಕ್ಷರ ಬಾರದ ಎಳೆಯ ಮಕ್ಕಳಿಗಾಗಿ ಒಂದು ಸಲಕರಣೆ ಮಾಡಿದರು. ಸಾಲುಸಾಲು ಸೀಳುಗಳಿರುವ ಪೆಟ್ಟಿಗೆ. ಚಿತ್ರವಿರುವ ಪ್ಲಾಸ್ಟಿಕ್ ಕಾರ್ಡುಗಳನ್ನು ಒಂದಾದ ಮೇಲೊಂದು ಸೀಳಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಆಮೆ ಆ ಕ್ರಮದಲ್ಲಿಯೇ ನಡೆಯುತ್ತಿತ್ತು. ಆಮೆ ಯಾವ ಕಾರ್ಡಿನ ಮಾತು ಕೇಳುತ್ತಿದೆಯೋ ಅದರ ಬಳಿ ದೀಪ ಹೊತ್ತುತ್ತಿತ್ತು. ಮೂರು ನಾಲ್ಕು ವರ್ಷದ ಮಕ್ಕಳೂ ಆಡಬಹುದಾಗಿತ್ತು. ಪರ್ಲ್‌ಮನ್ ಈ ಕೆಲಸವನ್ನು ಮುಂದುವರಿಸಲಿಲ್ಲ. ಸುತ್ತ ಇದ್ದ ಒಬ್ಬಳೇ ಹೆಂಗಸು ತಾನು, ಅದರಲ್ಲೂ ಪುಟ್ಟ ಮಕ್ಕಳ ಜೊತೆಗಿನ ಕೆಲಸವೆಂದರೆ ತನ್ನನ್ನು ವಿಜ್ಞಾನಿಯೆಂದು ಯಾರೂ ಲೆಕ್ಕಕ್ಕಿಡಲಾರರು ಎಂಬ ಅಳುಕಿತ್ತೆಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. 1985ರಲ್ಲಿ ಗಣಕಜಾಲಗಳು ದಾರಿ ತಪ್ಪದೆ ನಡೆಯಲು ಬೇಕಾದ ಒಂದು ಮುಖ್ಯ ವಿಧಾನವನ್ನು ಕಂಡುಹಿಡಿದವರು ಇದೇ ಪರ್ಲ್‌ಮನ್. 'ಹುಡುಗರ ಆಟ' ಎಂಬ ಮಾತು ಎಂಥವರನ್ನೂ ಹಿಂದೆ ಸರಿಸುತ್ತದೆ ನೋಡಿ.

ದೊಡ್ಡವರ ಕೆಲಸದಲ್ಲಿ ಚಿತ್ರಕ್ಕೆ ಜಾಗ ಸಿಕ್ಕಿದ್ದು ಕಾರ್ಖಾನೆಗಳಲ್ಲಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳಿಗೆ ಯಂತ್ರಗಳನ್ನು ಹಿಡಿತದಲ್ಲಿಡುವ ಸಣ್ಣ ಗಣಕಗಳು ಬಂದವು. ಅಲ್ಲಿನ ವಿದ್ಯುತ್ ಕೆಲಸದವರಿಗೆ ಪ್ರೋಗ್ರಾಮಿನ ಭಾಷೆ ಬಾರದು, ಆದರೆ ಏಣಿಯಂತೆ ಬಿಡಿಸುವ ತಂತಿಯ ನಕ್ಷೆ ಕರತಲಾಮಲಕ. ಹಾಗಾಗಿ ಆ ಏಣಿಯ ಚಿತ್ರವನ್ನೇ ಪ್ರೋಗ್ರಾಮಿನ ಭಾಷೆಯನ್ನಾಗಿ ಮಾಡಿದರು. ಇಂದಿಗೂ ಕಾರ್ಖಾನೆಗಳಲ್ಲಿ ಅದೇ ನಡೆಯುತ್ತಿದೆ. 1986ರಲ್ಲಿ ಟೆಕ್ಸಾಸಿನ ಜೆಫ್ ಕೊಡೊಸ್ಕಿ ಮತ್ತವರ ಜೊತೆಗಾರರು 'ಲ್ಯಾಬ್‌ವ್ಯೂ' ಎಂಬುದನ್ನು ಹೊರತಂದರು. ಅದರಲ್ಲಿ ಪರದೆಯ ಮೇಲಿನ ಪೆಟ್ಟಿಗೆಗಳ ನಡುವೆ ತಂತಿ ಎಳೆಯುವುದೇ ಪ್ರೋಗ್ರಾಮು. ಪ್ರಯೋಗಶಾಲೆಯ ವಿಜ್ಞಾನಿಗಳಿಗೆ ಅದು ಹಿಡಿಸಿತು. ಎನಿಯಾಕಿನ ತಂತಿಗಳೇ ಮರುಜನ್ಮ ತಾಳಿ ಪರದೆಯೊಳಗೆ ಬಂದಂತೆ ನನಗೆ ಕಂಡಿತು.

ಇನ್ನೊಂದು ನಮಗೆಲ್ಲ ಗೊತ್ತಿರುವುದೇ. 1979ರಲ್ಲಿ ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು 'ವಿಸಿಕ್ಯಾಲ್ಕ್' ಎಂಬ ಅಂಕಿಗಳ ಹಾಳೆ ಮಾಡಿದರು. ಮನೆಮನೆಯಾಗಿ ಗೆರೆ ಹೊಡೆದ ಹಾಳೆ. ಒಂದು ಮನೆಯ ಅಂಕಿ ಬದಲಿಸಿದರೆ ಅದನ್ನು ನೆಚ್ಚಿದ ಮನೆಗಳೆಲ್ಲ ತಾವೇ ಬದಲಾಗುತ್ತವೆ. ಎಕ್ಸೆಲ್ ಅದರ ಮೊಮ್ಮಗಳು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಮ್ಮ ಶಾಖೆಯ ಸಾಲದ ಕಂತು, ಬಡ್ಡಿಯ ಕೋಷ್ಟಕಗಳನ್ನೆಲ್ಲ ನಾನು ಅದರಲ್ಲಿ ಹೂಡಿಟ್ಟಿದ್ದೆ. ಬೇರೆ ಶಾಖೆಯವರೂ ಒಯ್ಯುತ್ತಿದ್ದರು. ಅದೂ ಒಂದು ಬಗೆಯ ಪ್ರೋಗ್ರಾಮಿಂಗ್ ಎಂದು ಬಲ್ಲವರು ಎಣಿಸುತ್ತಾರಂತೆ. ನನಗೆ ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಓದಿ ಹುರುಪಾಗಿ ಮಗನಿಗೆ ಫೋನು ಮಾಡಿದೆ. ಅವನು ಸುಮ್ಮನಿರುವವನಲ್ಲ. "ಹಂಗಾರ ಎಲ್ಲಾರೂ ಚಿತ್ರಾನ ಯಾಕ ತಗಿಯೂದಿಲ್ಲವ್ವಾ? ಅದನ್ನೂ ಓದು" ಎಂದ. ಓದಿದೆ. ಅವನ ಮಾತಿನಲ್ಲೂ ಹುರುಳಿತ್ತು.

ಫ್ರೆಡ್ ಬ್ರೂಕ್ಸ್ ಎಂಬ ಅನುಭವಿ ಗಣಕ ತಜ್ಞರು 1986ರ ಒಂದು ಪ್ರಸಿದ್ಧ ಲೇಖನದಲ್ಲಿ ಚಿತ್ರದ ಪ್ರೋಗ್ರಾಮುಗಳ ಮೇಲೆ ಹೆಚ್ಚು ಆಸೆ ಇಡಬೇಡಿ ಎಂದಿದ್ದರು. ಕಟ್ಟಡಕ್ಕೆ ನಕ್ಷೆ ಇದೆ, ಏಕೆಂದರೆ ಕಟ್ಟಡಕ್ಕೆ ಆಕಾರವಿದೆ. ಪ್ರೋಗ್ರಾಮಿಗೆ ಅಂಥ ಒಂದೇ ಆಕಾರವಿಲ್ಲ, ಒಂದರ ಮೇಲೊಂದು ಹೊದ್ದುಕೊಂಡ ಹಲವು ಸಂಬಂಧಗಳಿವೆ, ಅವನ್ನೆಲ್ಲ ಒಂದು ಚಿತ್ರದಲ್ಲಿ ಹಿಡಿಯಲಾಗದು ಎಂಬುದು ಅವರ ವಾದ. ಪರದೆಯೂ ಅದಕ್ಕೆ ಸಾಲದು. 1990ರ ದಶಕದ ಮೊದಲಲ್ಲಿ ಥಾಮಸ್ ಗ್ರೀನ್, ಮರಿಯನ್ ಪೀಟರ್ ಮುಂತಾದ ಸಂಶೋಧಕರು ಒಂದೇ ಲೆಕ್ಕವನ್ನು ಚಿತ್ರದಲ್ಲಿಯೂ ಅಕ್ಷರದಲ್ಲಿಯೂ ಬರೆದು ಜನರಿಗೆ ಓದಲು ಕೊಟ್ಟರು. ಚಿತ್ರ ಓದಲು ಹೆಚ್ಚು ಹೊತ್ತು ಹಿಡಿಯಿತು. ಚಿತ್ರವೆಂದರೆ ನೋಡಿದೊಡನೆ ತಿಳಿಯುವುದಲ್ಲ, ಅದನ್ನು ಓದುವುದನ್ನೂ ಕಲಿಯಬೇಕು ಎಂದು ಅವರು ತೋರಿಸಿದರು. ನಿಜವಲ್ಲವೇ? ರಂಗೋಲಿ ಬಾರದವರ ಮುಂದೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಇಟ್ಟು ಗೆರೆ ಎಲ್ಲಿಂದ ಶುರುವಾಯಿತು ಹೇಳಿ ಎಂದರೆ ಅವರು ಕಣ್ಣು ಕಣ್ಣು ಬಿಡುತ್ತಾರೆ.

ಮೊಮ್ಮಗಳ ಬೆಕ್ಕಿನ ಆಟದ ಹೆಸರು 'ಸ್ಕ್ರ್ಯಾಚ್'. ಎಂಐಟಿಯ ಮಿಚೆಲ್ ರೆಸ್ನಿಕ್ ಮತ್ತವರ ಬಳಗ 2007ರಲ್ಲಿ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ದುಡ್ಡಿಲ್ಲ. ಅದರ ಜಾಣತನವಿರುವುದು ತುಂಡುಗಳ ಆಕಾರದಲ್ಲಿ. ಕೂಡಬಾರದ ತುಂಡುಗಳು ಕೂಡುವುದೇ ಇಲ್ಲ. ಪೂರ್ಣವಿರಾಮ ಮರೆತೆನೆಂಬ ಮಾತೇ ಇಲ್ಲ. 2014ರಲ್ಲಿ ಮರೀನಾ ಬರ್ಸ್ ಎಂಬ ವಿದುಷಿಯ ಬಳಗವೂ ಕೂಡಿ, ಐದರಿಂದ ಏಳು ವರ್ಷದ ಮಕ್ಕಳಿಗೆ ಓದು ಬಾರದಿದ್ದರೂ ನಡೆಯುವಂಥ ಇನ್ನೊಂದನ್ನು ಮಾಡಿದರು. ಪರ್ಲ್‌ಮನ್ ಬಿಟ್ಟುಹೋದ ಕೆಲಸ ನಲವತ್ತು ವರ್ಷಗಳ ಮೇಲೆ ಮುಂದುವರಿಯಿತು.

ಇದರಿಂದ ಕಲಿಕೆ ಆಗುತ್ತದೆಯೇ ಎಂದರೆ ಅದಕ್ಕೂ ಉತ್ತರವಿದೆ. ಡೇವಿಡ್ ವೈಂಟ್ರಾಪ್, ಯೂರಿ ವಿಲೆನ್ಸ್ಕಿ ಎಂಬ ಸಂಶೋಧಕರು ಅಮೆರಿಕದ ಹೈಸ್ಕೂಲಿನ ಒಂದು ತರಗತಿಗೆ ತುಂಡುಗಳಲ್ಲಿಯೂ ಇನ್ನೊಂದಕ್ಕೆ ಅಕ್ಷರದಲ್ಲಿಯೂ ಕಲಿಸಿದರು. ಐದು ವಾರಗಳ ಕೊನೆಗೆ ತುಂಡುಗಳಲ್ಲಿ ಕಲಿತವರು ಹೆಚ್ಚು ಕಲಿತಿದ್ದರು, ಅವರ ಆಸಕ್ತಿಯೂ ಹೆಚ್ಚಿತ್ತು. ಆಮೇಲೆ ಇಬ್ಬರನ್ನೂ ಅಕ್ಷರದ 'ಜಾವಾ' ಭಾಷೆಗೆ ದಾಟಿಸಿದರು. ಹತ್ತು ವಾರಗಳಲ್ಲಿ ಇಬ್ಬರೂ ಸರಿಸಮ. ಚಿತ್ರದಿಂದ ಬಂದವರು ಮುಂದೇನೂ ಹೋಗಲಿಲ್ಲ, ಹಿಂದೆಯೂ ಬೀಳಲಿಲ್ಲ. ಮಗ ಇದನ್ನು ತನ್ನ ಗೆಲುವೆಂದ, ನಾನು ನನ್ನ ಗೆಲುವೆಂದೆ. ಹಿಂದೆ ಬೀಳಲಿಲ್ಲವೆಂಬುದು ಸಣ್ಣ ಮಾತೇ? ಮೊದಲ ಪೂರ್ಣವಿರಾಮಕ್ಕೇ ಹೆದರಿ ಬಸ್ಸು ಹತ್ತಿ ಮನೆಗೆ ಮರಳಿದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಈಗ ನಿಮಗೆ ನನ್ನ ಅವ್ವನ ಮಾತು ಹೇಳಬೇಕು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನ ಬ್ಯಾಂಕಿನಲ್ಲಿಯೇ ಅವಳ ಪಿಂಚಣಿ ಖಾತೆ ತೆಗೆದೆವು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಶಾಯಿಯ ದಿಂಡಿಗೆ ಅವಳ ಬೆರಳನ್ನು ಒತ್ತಿಸಿದವಳು ನಾನು, ಅದರ ಕೆಳಗೆ 'ನಿರಕ್ಷರಿ' ಎಂದು ಬರೆದವಳೂ ನಾನು. ಸಹೋದ್ಯೋಗಿಗಳ ಎದುರು ನನಗೆ ನಾಚಿಕೆಯಾಗಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ಅವ್ವ ಕಸೂತಿ ಹಾಕುತ್ತಿದ್ದಳು. ನಮ್ಮ ಕಡೆಯ ಕಸೂತಿ ನಿಮಗೆ ಗೊತ್ತಿರಬಹುದು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಚುಚ್ಚಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದರಂತೆ ಹಾಕುತ್ತ ಹೋಗಿ, ಮರಳುವಾಗ ಬಿಟ್ಟ ಜಾಗವನ್ನು ತುಂಬುತ್ತ ಬರುತ್ತದೆ. ಎಲ್ಲಿಯೂ ಗಂಟು ಕೂಡದು. ಹಾಗಾಗಿ ಹೊರಟ ಜಾಗಕ್ಕೇ ಸೂಜಿ ಮರಳುವಂತೆ ದಾರಿಯನ್ನು ಮೊದಲೇ ತಲೆಯಲ್ಲಿ ಹೂಡಿರಬೇಕು. ಕವಲಿನಲ್ಲಿ ಯಾವ ಕಡೆ ಮೊದಲು ಹೋಗಬೇಕು, ಎಷ್ಟು ಸಲ ಮಾಡಿದ್ದನ್ನೇ ಮಾಡಬೇಕು, ಎಲ್ಲಿ ನಿಲ್ಲಬೇಕು, ಎಲ್ಲ ಲೆಕ್ಕ. ನನ್ನ ಹಸಿರು ಪಟ್ಟಿಯಲ್ಲಿದ್ದ ವಜ್ರಾಕೃತಿಗಳೆಲ್ಲ ಅವ್ವನ ತಲೆಯಲ್ಲಿದ್ದವು.

ಇದು ಮಗಳ ಅಭಿಮಾನದ ಮಾತೆಂದು ತಿಳಿಯಬೇಡಿ. 1974ರಲ್ಲಿ ಮದರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಎಂಬ ಮೂವರು ವಿದ್ವಾಂಸರು ತಮಿಳುನಾಡಿನ ಹೆಂಗಸರು ಬಾಗಿಲಿಗೆ ಇಡುವ ಕೋಲಂಗೆ, ಎಂದರೆ ನಮ್ಮ ರಂಗೋಲಿಯ ಅಕ್ಕನಿಗೆ, ವ್ಯಾಕರಣವಿದೆಯೆಂದು ಗಣಕವಿಜ್ಞಾನದ ಪತ್ರಿಕೆಯಲ್ಲಿ ಪ್ರಬಂಧ ಬರೆದರು. ಸಣ್ಣ ನಿಯಮಗಳನ್ನು ಮತ್ತೆ ಮತ್ತೆ ಅನ್ವಯಿಸಿದರೆ ದೊಡ್ಡ ಕೋಲಂ ಹುಟ್ಟುತ್ತದೆ, ಗಣಕದ ಭಾಷೆಗಳು ಹುಟ್ಟುವ ಹಾಗೆಯೇ. ಮೂವರಲ್ಲಿ ಇಬ್ಬರು ಹೆಂಗಸರೆಂಬುದು ನನಗೆ ಸೋಜಿಗವೆನಿಸಲಿಲ್ಲ.

ದಸರೆಗೆ ಮೊಮ್ಮಗಳು ಮತ್ತೆ ಬಂದಳು. ಇಬ್ಬರೂ ಕೂಡಿ ಅವಳ ಬೆಕ್ಕಿನಿಂದ ಕಸೂತಿಯ ಗೋಪುರ ಹಾಕಿಸಲು ಕುಳಿತೆವು. ಬೆಕ್ಕಿಗೆ ಪೆನ್ನು ಕೊಟ್ಟಾಯಿತು. ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಬಲಕ್ಕೆ, ಇದನ್ನೇ ಏಳು ಸಲ. ನಾನು ಹೇಳಿದೆ, ಅವಳು ತುಂಡು ಜೋಡಿಸಿದಳು. ಗೋಪುರದ ಒಂದು ಬದಿ ಎದ್ದು ನಿಂತಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಇನ್ನೊಂದು ಬದಿ, ಕಳಸ, ಪಕ್ಕದಲ್ಲಿ ತುಳಸಿಕಟ್ಟೆ, ಆನೆ. ಸಂಜೆಯ ಹೊತ್ತಿಗೆ ತುಂಡುಗಳ ಸಾಲು ಪರದೆ ಮೀರಿ ಕೆಳಗೆ ಇಳಿದುಹೋಗಿತ್ತು. ಎಲ್ಲಿ ಏನಿದೆಯೆಂದು ನಮಗೇ ತಿಳಿಯದಾಯಿತು. ಬ್ರೂಕ್ಸ್ ಹೇಳಿದ್ದು ಇದನ್ನೇ ಎಂದುಕೊಂಡೆ.

ನೋಡುತ್ತ ಕುಳಿತಿದ್ದ ಮಗ ಕುರ್ಚಿ ಎಳೆದುಕೊಂಡು ಬಂದ. ಅದೇ ಗೋಪುರವನ್ನು 'ಪೈಥಾನ್' ಭಾಷೆಯಲ್ಲಿ ಹತ್ತು ಸಾಲು ಅಕ್ಷರಗಳಲ್ಲಿ ಬರೆದು ತೋರಿಸಿದ. ಅಲ್ಲಿಯೂ ಗೆರೆ ಎಳೆಯುವುದು ಒಂದು ಆಮೆಯೇ, ಅರವತ್ತರ ದಶಕದ ಲೋಗೊದಿಂದ ಬಂದ ಆಮೆ. ಮೊಮ್ಮಗಳು ಸಾಲು ಸಾಲಾಗಿ ಓದಿ, "ಓ, ಇದು ನಮ್ಮ ಏಳು ಸಲದ ತುಂಡು!" ಎಂದಳು. ಯಾರೂ ವಿವರಿಸಬೇಕಾಗಲಿಲ್ಲ. "ನೀ ಆಫೀಸಿನ್ಯಾಗ ಮೊದಲ ಅಕ್ಷರಾನ ಬರೀತೀಯೇನ?" ಎಂದು ಮಗನನ್ನು ಕೇಳಿದೆ. "ಇಲ್ಲವ್ವಾ, ಮೊದಲ ಎಲ್ಲಾರೂ ಬೋರ್ಡ್ ಮ್ಯಾಲ ಡಬ್ಬಿ ಬಾಣಾನ ತಗೀತೀವಿ" ಎಂದ. ಹೇಳಿದ ಮೇಲೆ ತಾನೇ ನಕ್ಕ. 'ಖರೇ' ಎಂಬ ಮಾತನ್ನು ಆ ದಿನ ಅವನು ಆಡಲಿಲ್ಲ.

ರಾತ್ರಿ ಟ್ರಂಕಿನಿಂದ ಅವ್ವನ ಇಳಕಲ್ ಸೀರೆ ತೆಗೆದೆ. ಸೆರಗಿನ ತುಂಬ ಗೋಪುರಗಳು. ಮೊಮ್ಮಗಳು ದೀಪದ ಕೆಳಗೆ ಹಿಡಿದು ತಿರುವಿ ಮುರುವಿ ನೋಡಿ, "ಅಜ್ಜಿ, ಇದರಲ್ಲಿ ಮುಂದಿನ ಬದಿ ಯಾವುದು?" ಎಂದಳು. ಎರಡೂ ಬದಿ ಒಂದೇ ಎಂದೆ. ಅವಳು ನಂಬದೆ ಬೆರಳಿಟ್ಟು ಹೊಲಿಗೆಗಳನ್ನು ಎಣಿಸತೊಡಗಿದಳು. ನಾಲ್ಕನೆಯ ಗೋಪುರದ ಬ‍ಳಿ ನಿಂತಳು. ಮತ್ತೆ ಎಣಿಸಿದಳು.

"ಅಜ್ಜಿ, ಇಲ್ಲಿ ಎಂಟು ಆಗಿಬಿಟ್ಟಿದೆ. ಮುತ್ತಜ್ಜಿ ಪ್ರೋಗ್ರಾಮಲ್ಲಿ ಒಂದು ಬಗ್ ಇದೆ!"

ಕನ್ನಡಕ ಹಾಕಿಕೊಂಡು ನಾನೂ ಎಣಿಸಿದೆ. ಎಂಟೇ. ಮುಂದಿನ ಗೋಪುರದ ಜಾಗದಲ್ಲಿ ಅವ್ವ ಒಂದು ಎಳೆ ಬಿಟ್ಟು, ಸಾಲನ್ನು ಸರಿದೂಗಿಸಿದ್ದಳು.